ಗಾಲಿಕುರ್ಚಿಗಳ ದಂಡು

ಒಂದು ಕಂಕುಳಲ್ಲಿ ಇಬ್ಬರು ಮುದುಕರು, ಇನ್ನೊಂದರಲ್ಲಿ ಅವರ ಮಂಚ, ಹಲ್ಲಲ್ಲಿ ತುಂಬಿದ ಬೆಡ್‌ಪ್ಯಾನ್ ಕಚ್ಚಿಕೊಂಡು ಮೂರು ಮಹಡಿ ಓಡಿ ಹತ್ತಿದವನು ನಾನು. ಒಂದು ತೊಟ್ಟು ಚೆಲ್ಲಲಿಲ್ಲ. ನಾನು ಕೆಲಸಕ್ಕಿದ್ದ ವೃದ್ಧರ ನರ್ಸಿಂಗ್ ಹೋಮಿನಲ್ಲಿ ನನಗೆ ಕ್ರೇನು ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

ಅಂಥ ನನಗೇ ಮ್ಯಾನೇಜರು ಅಂದ: “ನೀವು ಯಾವ ಸೀಮೆ ಸ್ಟಾಫೋ? ಹೇಲು ಬಾಚೋ ಕಂಟ್ರಾಕ್ಟ್ ನನ್ಮಕ್ಳು. ನಾಳೆ ಸರ್ಕಾರಿ ವಿಮೆ ಮೇಡಂ ನಿಯಮ ಹೇಳ್ಕೊಡೋಕೆ ಬರ್ತಾರೆ. ಹಾಲ್‌ನಲ್ಲಿ ನಿಮ್ಮಲ್ಲೊಬ್ಬ ಮುಸುಡಿ ತೋರಿಸ್ಲಿ, ಒದ್ದು ಗೇಟಾಚೆ ಹಾಕ್ತೀನಿ!”

“ಆಯಾಗಳ ಆಪರೇಷನ್‌ಗೆ ವಿಮೆ ಬರುತ್ತಾ ಅಂತ ಒಂದು ಮಾತು ಕೇಳ್ಬೇಕಿತ್ತು ಸಾರ್...”

“ನಿನ್ ಹೆಂಡ್ತಿ ಬೆನ್ನು ಹಿಡ್ಕೊಂಡ್ರೆ ಸರ್ಕಾರ ಬಂದು ಎಣ್ಣೆ ತಿಕ್ಕುತ್ತಾ? ಹೋಗಲೇ!”

ನನ್ನ ಹೆಂಡತಿ ಅಲ್ಲೇ ಆಯಾ. ಭಾರಿ ಮೈಯ ರೋಗಿಯೊಬ್ಬರನ್ನು ಬಚ್ಚಲಿಂದ ಎತ್ತುವಾಗ ಬೆನ್ನುಮೂಳೆ ಜಾರಿತ್ತು. ಆಪರೇಷನ್ ಆಗದಿದ್ದರೆ ಕಾಲು ಬಿದ್ದುಹೋಗುತ್ತದೆ ಎಂದಿದ್ದರು ಡಾಕ್ಟರು.

ಮಾರನೆಯ ದಿನ ನಮ್ಮ ದಂಡು ಹೊರಟಿತು. ನೂರು ಗಾಲಿಕುರ್ಚಿ, ಒಂದೊಂದರಲ್ಲಿ ಒಬ್ಬೊಬ್ಬ ಮುದುಕ ಅಥವಾ ಮುದುಕಿ, ಹಿಂದೆ ತಳ್ಳುವ ನಾವು. ನಾನು ತಳ್ಳಿದ್ದು ತಲೆತುಂಬ ಶಾಲು ಹೊದ್ದ ಒಬ್ಬ ಅಜ್ಜಿಯನ್ನು. ಬಾಗಿಲಲ್ಲೇ ಮ್ಯಾನೇಜರು ಅಡ್ಡ ಬಂದ.

“ಏನಿದು ಸಂತೆ?”

ಮುಂದಿನ ಕುರ್ಚಿಯಲ್ಲಿದ್ದ ಮೇಷ್ಟ್ರಜ್ಜ ಕೋಲೆತ್ತಿದರು. “ನಮಗೂ ಪಾಠ ಕೇಳ್ಬೇಕು ಕಣಯ್ಯ. ಬೇಡ ಅನ್ನು, ಈಗ್ಲೇ ಮಗಳಿಗೆ ಫೋನ್ ಮಾಡ್ತೀನಿ, ಬೇರೆ ಕಡೆ ಸೇರಿಸಮ್ಮಾ ಅಂತ.”

“ಅಯ್ಯೋ, ಬನ್ನಿ ಬನ್ನಿ ಸಾರ್!” ಅವನ ಬೆನ್ನು ತಾನಾಗಿ ಬಗ್ಗಿತು.

ಒಳಗೆ ನಾನು ಎದ್ದು ನಿಂತು ಗುಡುಗಿದೆ: “ಕಂಟ್ರಾಕ್ಟ್ ಆಯಾಗಳಿಗೆ ವಿಮೆ ಉಂಟೋ ಇಲ್ವೋ?” ಕಿಟಕಿಯ ಗಾಜು ಬಿರುಕು ಬಿಟ್ಟಿತು. ಕಿವುಡರೂ ಕಿವಿ ಮುಚ್ಚಿಕೊಂಡರು.

ಮೇಡಂ ಹೇಳಿದರು: “ಉಂಟು. ಇಲ್ಲಿ ರೋಗಿಗಳ ಸೇವೆ ಮಾಡೋ ಎಲ್ರಿಗೂ ಉಂಟು. ಹೆಸರು ಸೇರಿಸೋದು ನರ್ಸಿಂಗ್ ಹೋಮಿನ ಕೆಲಸ. ಸೇರಿಸಿಲ್ಲ ಅಂದ್ರೆ ಆಪರೇಷನ್ ಖರ್ಚು ಮಾಲೀಕರ ತಲೆಗೇ ಬರುತ್ತೆ.” ನಾನೊಮ್ಮೆ ದುರುಗುಟ್ಟಿದ್ದಕ್ಕೆ ಮ್ಯಾನೇಜರು ಬೆವೆತು ಅರ್ಧ ಆಳಾದ.

ಆಸ್ಪತ್ರೆಯಲ್ಲಿ ಪಕ್ಕದ ಮಂಚದವರಿಗೆ ನಾನು ಇಷ್ಟು ಹೇಳುವಷ್ಟರಲ್ಲಿ, ಆಪರೇಷನ್ ಆಗಿ ಮಲಗಿದ್ದ ನನ್ನವಳು ಕಣ್ಣು ಬಿಟ್ಟಳು.

“ರೀ, ಸಾಕು ನಿಮ್ಮ ಪುರಾಣ! ಗುಡುಗಿದ್ದು ಯಾರು? ಕುರ್ಚಿ ಹಿಂದೆ ಅವಿತು ಕೂತಿದ್ದು ಯಾರು? ಹೊಲಿಗೆ ಬಿಚ್ಚೋ ಹಂಗೆ ನಗಿಸ್ಬೇಡಿ.”

ಸಿಕ್ಕಿಬಿದ್ದೆ. ನಿಜ ಹೇಳುತ್ತೇನೆ. ಕುರ್ಚಿಗಳು ಹನ್ನೊಂದೇ. ಶಾಲು ಹೊದ್ದ ಅಜ್ಜಿ ಅಜ್ಜಿಯಲ್ಲ, ಇವಳು. ನಾನು ಕುರ್ಚಿ ಹಿಂದೆ ಕುಕ್ಕರಿಸಿದಾಗ ಶಾಲು ಕಿತ್ತೆಸೆದು, ಆಯಾ ಸಮವಸ್ತ್ರದಲ್ಲೇ ಕೂತು ಆ ಪ್ರಶ್ನೆ ಕೇಳಿದವಳು ಇವಳು. ಮ್ಯಾನೇಜರು ನುಗ್ಗಿ ಬಂದು ಕುರ್ಚಿಯನ್ನು ಹೊರಕ್ಕೆ ತಳ್ಳಲು ನೋಡಿದ. ನಾನು ನೆಲದಲ್ಲಿ ಕೂತು ಎರಡೂ ಕೈಯಲ್ಲಿ ಗಾಲಿ ಹಿಡಿದಿದ್ದೆ. ಅವನು ಬೂಟುಗಾಲಲ್ಲಿ ಬೆರಳು ತುಳಿದ. ಮೇಡಂ ಉತ್ತರ ಹೇಳಿ ಮುಗಿಸುವ ತನಕ ನಾನು ಗಾಲಿ ಬಿಡಲಿಲ್ಲ.

ಇದು ಸುಳ್ಳಲ್ಲ. ಉಗುರು ನೋಡಿ, ಇನ್ನೂ ಕಪ್ಪಗಿದೆ.