ಮಗ್ಗುಲು

ವಾಸನೆ ಮೊದಲು ಬಂತು, ವಾರ್ಡಿನ ಡೆಟಾಲಿನ ಅಡಿಯಿಂದ, ಅತ್ತೆಯ ಮಂಚದ ಕಡೆಯಿಂದಲೇ, ನಾದಿನಿ ಮೂಗಿಗೆ ಸೆರಗು ಒತ್ತಿಕೊಂಡು ಕೂತಿದ್ದಾಳೆ, ಇಲ್ಲಿ ಸರಿಯಾಗಿ ಒರೆಸೋದೇ ಇಲ್ವಾ ಅತ್ತಿಗೆ, ಒರೆಸ್ತಾರೆ ತಾಯಿ, ಅದು ನೆಲದ ವಾಸನೆಯಲ್ಲ, ನಿಮ್ಮಮ್ಮನದು — ಹಾಗನ್ನಲಿಲ್ಲ, ಕೈಗವಸು ಎಳೆದುಕೊಂಡೆ, ಪರದೆ ಸರಿಸಿದೆ. ಸೊಂಟ ಮುರಿದುಕೊಂಡು ಬಂದಾಗ ಎಷ್ಟು ನಯವಾಗಿತ್ತು ಈ ಚರ್ಮ, ಒಂದೇ ಮಗ್ಗುಲಲ್ಲಿ ಮಲಗಿದ್ರೆ ಹುಣ್ಣಾಗುತ್ತೆ ಅತ್ತೆ, ಆಗಾಗ ಹೊರಳಿಸ್ತೀನಿ ಎಂದರೆ, ಮುಟ್ಟಬೇಡ, ಊರವರ ಹೇಲು ಬಾಚೋ ಕೈ ಅದು, ಮದುವೆಯಾದಾಗಿನಿಂದ ಇದೇ ಮಾತು, ನನ್ನ ಬಾಯಲ್ಲಿ ಅವರಿಗೆ ಬಹುವಚನ, ಹೊಟ್ಟೆಯೊಳಗೆ ಏಕವಚನ, ಆದರೂ ಹೊರಳಿಸಿದೆ, ಪರಚಿದಳು, ಮರುದಿನವೂ ಪರಚಿದಳು, ಅಷ್ಟರಲ್ಲಿ ಆಚೆ ಸಾಲಿನಿಂದ ಸಿಸ್ಟರ್, ಸಿಸ್ಟರ್, ಇಡೀ ವಾರ್ಡಿಗೆ ಇದ್ದದ್ದು ನಾವಿಬ್ಬರು ನರ್ಸುಗಳು, ಇನ್ನೊಬ್ಬಳು ಹೆರಿಗೆ ರಜೆಗೆ ಹೋದಳು, ಬದಲಿಗೆ ಯಾರನ್ನೂ ಕೊಡಲಿಲ್ಲ, ನಾದಿನಿಗೆ ತೋರಿಸಿಕೊಟ್ಟೆ, ಹೀಗೆ ಭುಜಕ್ಕೆ ಕೈ ಕೊಟ್ಟು, ಹೀಗೆ ಮಂಡಿಗಳ ನಡುವೆ ದಿಂಬು, ಹೂಂ ಹೂಂ ಎಂದಳು, ಕಣ್ಣು ಮೊಬೈಲಿನಲ್ಲಿ, ಆಮೇಲೆ ಕೇಳಿದರೆ ಅಮ್ಮ ನಿದ್ದೆ ಮಾಡ್ತಿದ್ರು, ಪಾಪ, ಯಾಕೆ ಎಬ್ಬಿಸೋದು ಅಂತ ಬಿಟ್ಟೆ. ಪಾಪವಂತೆ.

ಬೆನ್ನಿನ ಬುಡ ಕೆಂಪಾದ ದಿನ ಬೆರಳಿಟ್ಟು ಒತ್ತಿ ನೋಡಿದೆ, ಬಿಳುಚಬೇಕು, ಬಿಳುಚಲಿಲ್ಲ, ಕೆಂಪು ಕೆಂಪಾಗಿಯೇ ಉಳಿಯಿತು, ಹುಣ್ಣಿನ ಮೊದಲ ಗುರುತು, ಗಂಡನಿಗೆ ಹೇಳಿದೆ, ವಾರ್ಡಿಗೆ ಇರೋದು ಹುಣ್ಣಾಗದ ಹಾಗೆ ಗಾಳಿ ತುಂಬೋ ಒಂದೇ ಏರ್‌ಬೆಡ್, ಅದು ಲಾರಿ ಡ್ರೈವರ್ ಕೆಳಗಿದೆ, ಅವನಿಗೆ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ, ನೋಡೋರೂ ಇಲ್ಲ, ಹೊರಗೆ ಬಾಡಿಗೆಗೆ ಸಿಗುತ್ತೆ, ತಂದುಬಿಡಿ. ಯಾಕೆ ತರೋದು, ಅವನ ಕೆಳಗಿಂದ ಎಳೆದು ಅಮ್ಮನಿಗೆ ಹಾಕು, ನೀನೇ ಅಲ್ವಾ ಇಲ್ಲಿ ಸಿಸ್ಟರು, ಯಾರು ಕೇಳ್ತಾರೆ? ಎಳೆಯಲಿಲ್ಲ, ಬಾಡಿಗೆಯದೂ ಬರಲಿಲ್ಲ. ಎಳೆಯಬಾರದು, ಅದು ನ್ಯಾಯ, ಸರಿ — ಆದರೆ ನ್ಯಾಯ ನಾಲಿಗೆಗೆ ಇಷ್ಟು ರುಚಿಯಾಗಿರುತ್ತದೆಯೇ, ಅಂದಿನಿಂದ ಅತ್ತೆ ಮುಟ್ಟಬೇಡ ಎಂದರೆ ಸಾಕು, ಆಯ್ತು ಅತ್ತೆ ಎಂದು ಕೈ ತೆಗೆಯುತ್ತೇನೆ, ಇನ್ನೊಮ್ಮೆ ಕೇಳುವುದಿಲ್ಲ, ಪಕ್ಕದ ಮಂಚದ ಮುದುಕ ಇದಕ್ಕಿಂತ ಕೆಟ್ಟದಾಗಿ ಬೈಯುತ್ತಾನೆ, ಅವನನ್ನು ಪುಸಲಾಯಿಸುತ್ತೇನೆ, ಏನ್ ಯಜಮಾನ್ರೇ, ಗೋಡೆ ನೋಡಿ ಬೇಜಾರಾಗ್ಲಿಲ್ವಾ, ಸ್ವಲ್ಪ ನನ್ನ ಮುಖಾನೂ ನೋಡಿ, ನಗುತ್ತಾನೆ, ನಗುತ್ತಲೇ ಹೊರಳುತ್ತಾನೆ, ಅತ್ತೆಯನ್ನು ಪುಸಲಾಯಿಸುವುದಿಲ್ಲ.

ಈಗ ಹೊರಳಿಸುತ್ತಿದ್ದೇನೆ, ಜ್ವರ, ಬೇಡವೆನ್ನುವ ಶಕ್ತಿಯೂ ಇಲ್ಲ ಅವಳಿಗೆ, ಒಗೆಯುವ ಬಟ್ಟೆಯ ಗಂಟಿನಷ್ಟು ಹಗುರ, ಹಳೆಯ ಪಟ್ಟಿ ಬಿಚ್ಚಿದೆ, ಹಳದಿ ಲೋಳೆಯೊಂದಿಗೆ ಬಂತು, ಆ ಕಡೆ ಡ್ರೈವರ್ ಶಿಳ್ಳೆ ಹಾಕುತ್ತಿದ್ದಾನೆ, ಅವನ ಬೆನ್ನು ಕೂಸಿನ ಬೆನ್ನಿನಂತಿದೆ, ನೋಯುತ್ತಾ ಅತ್ತೆ, ಇಲ್ಲ ಕಣೇ, ಮೊದಲು ಉರೀತಿತ್ತು, ಈಗ ಏನೂ ಇಲ್ಲ, ವಾಸಿ ಆಗ್ತಿದೆ ಅಲ್ವಾ, ನಿನ್ನ ಕೈ ತಣ್ಣಗಿದೆ, ಹಿತವಾಗಿದೆ — ಕಣೇ ಎಂದಳು, ನನಗೆ, ಇಷ್ಟು ವರ್ಷಕ್ಕೆ — ಹೌದು ಅತ್ತೆ, ವಾಸಿ ಆಗ್ತಿದೆ, ಸಲೈನ್ ಸುರಿದು ತೊಳೆದೆ, ಹುಣ್ಣಿನ ತಳ ಕಾಣಿಸಿತು, ಬೆಳ್ಳಗೆ, ಪಟ್ಟಿಯ ಚೂರು ಉಳಿದಿರಬೇಕೆಂದು ಚಿಮುಟದಿಂದ ಮುಟ್ಟಿದೆ, ಟಕ್ ಎಂದಿತು, ಪಟ್ಟಿಯಲ್ಲ, ಗಂಡನಿಗೆ ಏನು ಹೇಳಲಿ, ಮತ್ತೆ ಮುಟ್ಟಿದೆ, ಟಕ್, ಅತ್ತೆ ಕಣ್ಣು ಮುಚ್ಚಿ ಹಾಯಾಗಿದ್ದಾಳೆ, ಬೆಳ್ಳಗೆ, ಟಕ್, ಮೂಳೆ