ಹಳದಿ ಪುಸ್ತಕದ ಹದಿನಾಲ್ಕನೇ ಪುಟ

ಒಳ್ಳೆಯ ಹಾಡು ಕೇಳಿ ಸಂಗೀತ ಕಲಿಯುವ ಆಸೆ ಪಡುವವರೇ ಹೆಚ್ಚು. ಪಿಯಾನೋ ಟ್ಯೂನರ್ ಮಗಳಿಗೆ ಆ ಆಸೆ ಹುಟ್ಟಿದ್ದು ಒಂದು ಬೂಟನ್ನು ನೋಡಿ.

ಆಗ ಅವಳಿಗೆ ಹನ್ನೆರಡು ವರ್ಷ. ಅಪ್ಪ ಊರಿನ ಪಿಯಾನೋಗಳ ತಂತಿ ಬಿಗಿಸಿ ಶ್ರುತಿ ಮಾಡುವವನು. ರಜೆ ಇದ್ದಾಗ ಅವಳೂ ಜೊತೆಗೆ ಹೋಗುತ್ತಿದ್ದಳು. ಆ ದಿನ ಸಂಗೀತ ಕಾಲೇಜಿನ ಏಳನೇ ನಂಬರಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಒಳಗೆ ಅಪ್ಪ ಮೆತ್ತಗೆ ಏನೋ ಹೇಳಿದ. ಅದರ ಹಿಂದೆಯೇ ಇನ್ನೊಂದು ದನಿ ಗೋಡೆ ಬಿರಿಯುವಂತೆ ಕೇಳಿಸಿತು: "ಸ್ಕ್ರೂ ತಿರುಗಿಸೋರು ಸ್ಕ್ರೂ ತಿರುಗಿಸ್ಕೊಂಡಿರಿ. ನನಗೇ ಪಾಠ ಹೇಳೋಕೆ ಬರ್ತೀರಾ?" ಮೂವತ್ತು ಜನ ವಿದ್ಯಾರ್ಥಿಗಳು ಒಟ್ಟಿಗೆ ನಕ್ಕರು. ಅಪ್ಪನ ಸಾಮಾನಿನ ಚೀಲ ನೆಲದ ಮೇಲೆ ಜಾರುತ್ತ ಬಾಗಿಲಾಚೆ ಬಂತು, ಅದರ ಹಿಂದೆ ಅದನ್ನು ತಳ್ಳಿದ ಕಂದು ಬೂಟಿನ ಮೂತಿ. ಅಪ್ಪ ಹೊರಗೆ ಬಂದು, ಬಗ್ಗಿ, ಚೀಲದ ಧೂಳನ್ನು ಅಂಗೈಯಿಂದ ಒರೆಸಿ "ನಡಿ" ಅಂದ. ಒಳಗೆ ತಾನು ಏನು ಹೇಳಿದೆ ಎಂದು ಮಗಳಿಗೆ ಆಗ ಹೇಳಲಿಲ್ಲ. ಕಾಲೇಜು ಅವನನ್ನು ಬಹಳ ಕಾಲ ಮತ್ತೆ ಕರೆಯಲೂ ಇಲ್ಲ.

ಬೂಟಿನ ಯಜಮಾನರು ಅಲ್ಲಿಯ ಸಂಗೀತಶಾಸ್ತ್ರ ವಿಭಾಗದ ಮುಖ್ಯಸ್ಥರು. ಅವರು ಬರೆದ ಹಳದಿ ರಟ್ಟಿನ ಕೈಪಿಡಿಯಲ್ಲಿ ಪ್ರತಿಯೊಂದಕ್ಕೂ ಒಂದು ಸುಲಭದ ಸೂತ್ರ ಇದ್ದದ್ದರಿಂದ ವಿದ್ಯಾರ್ಥಿಗಳು ಅವರನ್ನು ಶಾರ್ಟ್‌ಕಟ್ ಸಾರ್ ಎಂದು ಕರೆಯುತ್ತಿದ್ದರು. ಪ್ರವೇಶ ಪರೀಕ್ಷೆಯ ಪ್ರಶ್ನೆಗಳೆಲ್ಲ ಅದೇ ಪುಸ್ತಕದಿಂದ. ಉತ್ತರ ಸರಿಯೋ ತಪ್ಪೋ ನೋಡುವುದೂ ಅದೇ ಪುಸ್ತಕದಿಂದ. ನಾವು ಇಲ್ಲಿ ಮರ್ಯಾದೆಗೆ 'ಅವರು' ಅನ್ನೋಣ. ನಮ್ಮ ಹುಡುಗಿ ಮನಸ್ಸಿನೊಳಗೆ ಅನ್ನುತ್ತಿದ್ದುದನ್ನು ಬರೆಯುವ ಹಾಗಿಲ್ಲ.

ಆರು ವರ್ಷ ಅವಳು ಆ ಬೂಟನ್ನು ಮರೆಯಲಿಲ್ಲ. ಹದಿನೆಂಟು ತುಂಬಿದ ವಾರವೇ ಮನೆಯಲ್ಲಿ ಸಾರಿದಳು: "ನಾನು ಅದೇ ಕಾಲೇಜಿಗೆ ಸೇರ್ತೀನಿ."

ಅಜ್ಜಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. "ಸೇರಿ ಏನ್ಮಾಡ್ತೀಯೇ?"

"ಮೊದಲನೇ ಬೆಂಚಲ್ಲಿ ಕೂತ್ಕೋತೀನಿ. ಆ ಮನುಷ್ಯ ನಾಲ್ಕು ವರ್ಷ ದಿನಾ ನನ್ನ ಮುಖ ನೋಡ್ಬೇಕು. ಸ್ಕ್ರೂ ತಿರುಗಿಸೋನ ಮಗಳ ಮುಖ."

"ನಿನ್ನ ಮುಖ ದಿನಾ ನೋಡೋ ಕಷ್ಟ ನನಗ್ಗೊತ್ತು," ಎಂದಳು ಅಜ್ಜಿ ದಾರ ಕಚ್ಚಿ. "ಶಿಕ್ಷೆ ಪರವಾಗಿಲ್ಲ. ಓದು."

ಸೀಟು ಹನ್ನೆರಡು, ಅರ್ಜಿ ಇನ್ನೂರಕ್ಕೂ ಮೇಲೆ. ಹತ್ತೊಂಬತ್ತು ತುಂಬಿದವರಿಗೆ ಪ್ರವೇಶವಿಲ್ಲ. ಹಾಗಾಗಿ ಅವಳ ಪಾಲಿಗೆ ಇದ್ದದ್ದು ಒಂದೇ ಒಂದು ಪರೀಕ್ಷೆ.

ಕಿವಿ ಅವಳಿಗೆ ಹುಟ್ಟಿನಿಂದಲೇ ಬಂದಿತ್ತು. ಪಕ್ಕದ ಮನೆಯ ಮಿಕ್ಸಿ ಯಾವ ಸ್ವರದಲ್ಲಿ ಅರಚುತ್ತದೆ ಎಂದು ಕೇಳಿದರೆ ಪಿಯಾನೋದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಆದರೆ ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ಐದು ಗೆರೆಗಳ ಮೇಲೆ ಕೂತ ಕರಿ ಚುಕ್ಕೆಗಳು ಅವಳ ಕಣ್ಣಿಗೆ ಇರುವೆ ಮುತ್ತಿದ ಹಾಗೆ ಕಾಣುತ್ತಿದ್ದವು. ಅದಕ್ಕೆ ಮಹಡಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಇನ್ನೂ ನಾಲ್ಕು ಹಗ್ಗ ಕಟ್ಟಿ, ಕ್ಲಿಪ್ಪುಗಳನ್ನು ಸ್ವರ ಮಾಡಿಕೊಂಡಳು. ಹಗ್ಗದ ಮೇಲೊಂದು, ಎರಡು ಹಗ್ಗದ ನಡುವೆ ದಾರಕ್ಕೆ ತೂಗುಬಿಟ್ಟದ್ದೊಂದು. ಬೆಳಿಗ್ಗೆ ಅಜ್ಜಿ ಕ್ಲಿಪ್ಪು ಸಿಕ್ಕಿಸುವುದು, ಮೊಮ್ಮಗಳು ಹಾಡಿ ತೋರಿಸುವುದು. "ನನ್ನ ಲಂಗ ಒಣಗಿಸೋಕೆ ನಿನ್ನ ಸಂಗೀತದಲ್ಲಿ ಜಾಗ ಇದ್ಯಾ?" ಎಂದು ಅಜ್ಜಿ ಗೊಣಗುತ್ತಿದ್ದಳು, ಆದರೂ ಒಂದು ದಿನ ತಪ್ಪಿಸಲಿಲ್ಲ. ಮೂರು ತಿಂಗಳಲ್ಲಿ ಇರುವೆಗಳು ಹಾಡತೊಡಗಿದವು.

ಆಮೇಲೆ ಅಂತರಗಳ ಲೆಕ್ಕ ಬಂತು. ಒಂದು ಸ್ವರದಿಂದ ಇನ್ನೊಂದು ಎಷ್ಟು ದೂರ ಎಂದು ಎಣಿಸುವಾಗ ಹೊರಟ ಮನೆಯನ್ನೂ, ಎಂದರೆ ಮೊದಲು ಬೆರಳಿಟ್ಟ ಕೀಯನ್ನೂ, ಸೇರಿಸಿಕೊಳ್ಳಬೇಕು. ಪಿಯಾನೋದ ಬಿಳಿ ಮನೆಗಳಲ್ಲಿ ಸಿ, ಡಿ, ಇ, ಎಫ್, ಜಿ ಎಂದು ಎಣಿಸಿದರೆ ಸಿಯಿಂದ ಜಿ ಐದನೆಯದು; ಜಿ ಆದ ಮೇಲೆ ಎ, ಬಿ, ಮತ್ತೆ ಸಿ. ಸಿ, ಜಿ ಎರಡನ್ನೂ ಒಟ್ಟಿಗೆ ಒತ್ತಿದರೆ ಒಂದರೊಳಗೊಂದು ನೆಮ್ಮದಿಯಾಗಿ ಕೂರುತ್ತವೆ. ಅದು ಶುದ್ಧ ಪಂಚಮ. ಹೆಸರಷ್ಟೇ ಹೊಸದು, ಅವಳ ಚಿಕ್ಕಂದಿನಿಂದಲೂ ಅಪ್ಪ ತಂತಿ ಬಿಗಿಸಿದ್ದೇ ಈ ಐದೈದು ಮನೆಯ ಜೋಡಿಗಳನ್ನು ಕೂರಿಸುತ್ತ.

ಹದಿನಾಲ್ಕನೇ ಪುಟದಲ್ಲಿ ದಪ್ಪ ಅಕ್ಷರದ ಸೂತ್ರವಿತ್ತು: 'ಯಾವ ಬಿಳಿ ಮನೆಯಿಂದ ಹಿಡಿದರೂ ಐದನೇ ಬಿಳಿ ಮನೆ ಶುದ್ಧ ಪಂಚಮ. ಇದಕ್ಕೆ ಅಪವಾದವಿಲ್ಲ.' ಅವಳು ಏಳು ಮನೆಗಳಿಂದಲೂ ಹಿಡಿದು ನೋಡಿದಳು. ಆರು ಜೋಡಿ ಕೂತವು. ಬಿ ಮತ್ತು ಎಫ್ ಮಾತ್ರ, ಜಗಳವಾಡಿದ ಓರಗಿತ್ತಿಯರಂತೆ, ಕೂರಲಿಲ್ಲ. ಕರಿ ಮನೆ ಬಿಳಿ ಮನೆ ಎನ್ನದೆ ಒಂದೊಂದೇ ಹೆಜ್ಜೆ ಎಣಿಸಿದಳು. ಉಳಿದ ಆರಕ್ಕೂ ಏಳು ಹೆಜ್ಜೆ, ಇದೊಂದಕ್ಕೆ ಆರು. ಅರ್ಧ ಸ್ವರದಷ್ಟು ಮೋಟು.

ಪುಸ್ತಕ ಹಿಡಿದುಕೊಂಡು ಅಪ್ಪನ ವರ್ಕ್‌ಶಾಪಿಗೆ ಓಡಿದಳು. ಅಪ್ಪ ಪುಟ ನೋಡಿದ, ಕೈ ಒರೆಸಿಕೊಂಡ, ಕಪಾಟಿನ ತಳದಿಂದ ಅದೇ ಪುಸ್ತಕದ ಹಳೇ ಪ್ರತಿಯೊಂದನ್ನು ತೆಗೆದು ಮುಂದಿಟ್ಟ. ಹದಿನಾಲ್ಕನೇ ಪುಟದ ಅಂಚಿನಲ್ಲಿ ಪೆನ್ಸಿಲಿನ ಬರಹವಿತ್ತು: 'ಬಿ, ಎಫ್ ಕೂರಲ್ಲ. ಸಾರ್‌ಗೆ ಹೇಳಬೇಕು.'

"ಅವತ್ತು ಹೇಳಿದ್ದು ಇದನ್ನೇನಾ ಅಪ್ಪಾ?"

"ಹೂಂ. ಮಕ್ಕಳು ತಪ್ಪು ಕಲೀತಾರಲ್ಲಾ ಅಂತ ಹೇಳ್ದೆ. ಮಕ್ಕಳ ಮುಂದೇನೇ ಹೇಳಿದ್ದು ನನ್ನ ತಪ್ಪು."

ಇಷ್ಟು ದಿನ ಅಪ್ಪನದೇನೋ ತಪ್ಪಿರಬಹುದು ಎಂಬ ಸಣ್ಣ ಅನುಮಾನವೊಂದು ಅವಳ ಕೋಪಕ್ಕೆ ಲಗಾಮು ಹಾಕಿತ್ತು. ಈಗ ಅದೂ ಹೋಯಿತು. ಆರು ವರ್ಷದಲ್ಲಿ ಪುಸ್ತಕ ನಾಲ್ಕು ಸಲ ಹೊಸದಾಗಿ ಅಚ್ಚಾಗಿತ್ತು, ಆ ಮನುಷ್ಯನಿಗೆ ತಪ್ಪು ಗೊತ್ತಿತ್ತು, ಆದರೂ ಒಂದಕ್ಷರ ತಿದ್ದಿರಲಿಲ್ಲ. ಟ್ಯೂನರ್ ಹೇಳಿದ್ದು ಸರಿ ಎಂದು ಒಪ್ಪಿಕೊಂಡಂತಾಗುತ್ತದಲ್ಲ! ಇದಕ್ಕಿಂತ ಕೆಟ್ಟದ್ದೆಂದರೆ, ಹಳೇ ಪ್ರಶ್ನೆಪತ್ರಿಕೆಗಳನ್ನು ತಿರುವಿದಾಗ ಅದೇ ಪ್ರಶ್ನೆ ಪ್ರತಿ ವರ್ಷವೂ ಇತ್ತು: ಬಿಯಿಂದ ಎಫ್ ಯಾವ ಅಂತರ? ಪ್ರತಿ ವರ್ಷ ಇನ್ನೂರು ಜನ 'ಶುದ್ಧ ಪಂಚಮ' ಎಂದು ಬರೆದು ಅಂಕ ಪಡೆದಿದ್ದರು. ಕಾಲೇಜಿನ ಉಳಿದ ಮೇಷ್ಟ್ರುಗಳೂ ಬಾಯಿ ಬಿಟ್ಟಿರಲಿಲ್ಲ. ಅವರೂ ಆ ಬೂಟನ್ನು ನೋಡಿದವರೇ.

"ನೀನೂ ಪುಸ್ತಕದಲ್ಲಿ ಇರೋದನ್ನೇ ಬರಿ," ಎಂದ ಅಪ್ಪ. "ಸೀಟು ಸಿಗಲಿ ಮೊದ್ಲು."

ಅವಳು ಹಳೇ ಪ್ರತಿಯನ್ನೂ ಬಗಲಿಗಿಟ್ಟುಕೊಂಡು ಹೊರಟಳು.

ಪರೀಕ್ಷೆಗೆ ಒಂದು ವಾರ ಇದೆ ಎನ್ನುವಾಗ ಕಾಲೇಜಿನಿಂದ ಅಪ್ಪನಿಗೆ ಫೋನ್ ಬಂತು. ಆ ವರ್ಷ ಪರೀಕ್ಷೆ ನಡೆಸಲು ಹೊರಗಿನಿಂದ ಒಬ್ಬ ಮೇಡಂ ಬರುವವರಿದ್ದರು. ಅವರು ಮೊದಲೇ ಬಂದು ಪಿಯಾನೋ ನುಡಿಸಿ ನೋಡಿ, ಇದು ಪಿಯಾನೋನೋ ಪಾತ್ರೆ ಅಂಗಡಿಯೋ, ಸರಿಯಾದವರ ಕೈಯಲ್ಲಿ ಶ್ರುತಿ ಮಾಡಿಸಿ ಎಂದಿದ್ದರಂತೆ. ಅಪ್ಪ "ಬರ್ತೀನಿ" ಎಂದು ಫೋನ್ ಇಟ್ಟ.

"ಮಾನ ಮರ್ಯಾದೆ ಇದ್ಯಾ ಅಪ್ಪಾ ನಿನಗೆ? ಚೀಲಕ್ಕೆ ಒದ್ದವನ ಕಾಲೇಜಿಗೆ ಮತ್ತೆ ಹೋಗ್ತೀಯಲ್ಲಾ!"

"ಪಿಯಾನೋ ಏನು ತಪ್ಪು ಮಾಡಿತ್ತು?"

ಈ ಮನುಷ್ಯನಿಗೆ ರೋಷ ಎನ್ನುವುದನ್ನು ಹುಟ್ಟಿಸಿದವನು ಕೊಡಲೇ ಇಲ್ಲ ಎಂದುಕೊಂಡು ಅವಳೂ ಚೀಲ ಹೊತ್ತು ಹೊರಟಳು. ಇಬ್ಬರ ಪಾಲಿನ ರೋಷವೂ ಅವಳೊಬ್ಬಳಲ್ಲೇ ಇತ್ತು.

ಏಳನೇ ನಂಬರಿನ ಕೋಣೆಯಲ್ಲಿ ಅಪ್ಪ ನಾಲ್ಕು ತಾಸು ಕೆಲಸ ಮಾಡಿ ಕೈ ತೊಳೆಯಲು ಹೋದ. ಪಿಯಾನೋದ ಮುಚ್ಚಳ ತೆರೆದೇ ಇತ್ತು, ಸ್ಪ್ಯಾನರ್ ಅದರ ಮೇಲಿತ್ತು. ಅವಳು ಆಚೀಚೆ ನೋಡಿದಳು. ನಡುಭಾಗದ ಒಂದೊಂದು ಸ್ವರಕ್ಕೂ ಮೂರು ತಂತಿ. ಎಫ್ ಸ್ವರದ ಮೂರರಲ್ಲಿ ಒಂದಕ್ಕೆ ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟು ಸಡಿಲಿಸಿದಳು. ಮೇಡಂ ಎದುರಿಗೆ ಸಾರ್ ನುಡಿಸಲಿ, ಸ್ವರ ಗೊಯ್ಯೆನ್ನಲಿ, ಆ ಮುಖ ಸುಟ್ಟ ಬದನೆಕಾಯಿ ಆಗಲಿ! ಅವಳಿಗೆ ಪಶ್ಚಾತ್ತಾಪವಾಗಲಿಲ್ಲ, ಖುಷಿಯಾಯಿತು.

ಆದರೆ ಅಪ್ಪನಿಗೊಂದು ಅಭ್ಯಾಸವಿತ್ತು. ಎಲ್ಲ ಮುಗಿದ ಮೇಲೆ, ಮುಚ್ಚಳ ಹಾಕುವ ಮೊದಲು, ಒಂದು ಸುತ್ತು ಎಲ್ಲ ಪಂಚಮಗಳನ್ನೂ ನುಡಿಸಿ ನೋಡುವುದು. ಒದ್ದೆ ಕೈ ಒರೆಸಿಕೊಂಡು ಬಂದು ನುಡಿಸಿದ. ಎಫ್ ಬಂದಾಗ ಕೈ ನಿಂತಿತು. ಮಗಳ ಕಡೆ ನೋಡಲಿಲ್ಲ. ಚೀಲ ಮತ್ತೆ ಬಿಚ್ಚಿ, ಪಕ್ಕದ ತಂತಿಗಳ ಸದ್ದಡಗಿಸಲು ಉಣ್ಣೆಪಟ್ಟಿ ತುರುಕಿ, ಹತ್ತು ನಿಮಿಷ ಕೂತು ಆ ಒಂದು ತಂತಿಯನ್ನು ಸರಿಮಾಡಿದ. "ಎಫ್ ಸ್ವಲ್ಪ ಜಾರಿತ್ತು," ಎಂದಷ್ಟೇ ಹೇಳಿದ. ಅವಳಿಗೆ ಅಪ್ಪನ ಮೇಲೂ ಸಿಟ್ಟು ಬಂದಿತ್ತು.

ಪರೀಕ್ಷೆಯ ಬೆಳಿಗ್ಗೆ ಬರವಣಿಗೆ, ಮಧ್ಯಾಹ್ನ ಉತ್ತರಪತ್ರಿಕೆ ನೋಡಿ ಕೆಲವರನ್ನಷ್ಟೇ ಒಬ್ಬೊಬ್ಬರಾಗಿ ಕರೆದು ಮೌಖಿಕ. ಒಂಬತ್ತನೇ ಪ್ರಶ್ನೆಯಾಗಿ ಬಿ ಮತ್ತು ಎಫ್ ಬಂದೇ ಬಂತು. ಒಂದೊಂದು ಅಂಕಕ್ಕೂ ಹತ್ತು ಜನ ಮುಂದೆ ಹೋಗುವ ಪರೀಕ್ಷೆ ಅದು. ಉಳಿದದ್ದನ್ನೆಲ್ಲ ಬರೆದು ಮುಗಿಸಿ ಅವಳು ಮತ್ತೆ ಅದಕ್ಕೇ ಬಂದಳು. ಕಣ್ಣ ಮುಂದೆ ಸೀಟೂ ಇತ್ತು, ಬೂಟೂ ಇತ್ತು. ಕೊನೆಗೆ ಬರೆದಳು: 'ಹಳದಿ ಪುಸ್ತಕದ ಹದಿನಾಲ್ಕನೇ ಪುಟದ ಪ್ರಕಾರ ಶುದ್ಧ ಪಂಚಮ. ಪಿಯಾನೋದ ಪ್ರಕಾರ ಅಲ್ಲ, ಅರ್ಧ ಸ್ವರ ಕಡಿಮೆ. ಪರೀಕ್ಷಕರು ದಯವಿಟ್ಟು ನುಡಿಸಿ ನೋಡಬೇಕಾಗಿ ವಿನಂತಿ.'

ಮಧ್ಯಾಹ್ನ ಅವಳ ಸರದಿ ಬಂದಾಗ ಮೇಜಿನ ಹಿಂದೆ ಇಬ್ಬರಿದ್ದರು. ಹೊರಗಿನ ಮೇಡಂ ಅವಳ ಉತ್ತರಪತ್ರಿಕೆ ಓದುತ್ತಿದ್ದರು. ಶಾರ್ಟ್‌ಕಟ್ ಸಾರ್ ಕಾಲ ಮೇಲೆ ಕಾಲು ಹಾಕಿ ಬೂಟು ಆಡಿಸುತ್ತಿದ್ದರು. ಬೂಟು ಹೊಸದು, ಬಣ್ಣ ಅದೇ.

"ಇದೇನು, ಪರೀಕ್ಷಕರಿಗೇ ಪರೀಕ್ಷೆ ಇಟ್ಟಿದ್ದೀಯಲ್ಲಮ್ಮಾ?" ಎಂದರು ಮೇಡಂ.

"ಅಧಿಕಪ್ರಸಂಗ," ಎಂದರು ಸಾರ್. "ಸೊನ್ನೆ ಹಾಕಿ ಮುಂದೆ ಹೋಗೋಣ ಮೇಡಂ."

"ವಿನಂತಿ ಅಂತ ಬರೆದಿದ್ದಾಳಲ್ಲ. ಪಿಯಾನೋ ನಿಮ್ಮ ಪಕ್ಕದಲ್ಲೇ ಇದೆ. ನುಡಿಸಿಬಿಡಿ ಸಾರ್."

ಸಾರ್ ಎದ್ದು ಹೋಗಿ ಬಿ ಮತ್ತು ಎಫ್ ಒಟ್ಟಿಗೆ ಒತ್ತಿದರು. ಕೋಣೆಯಲ್ಲಿ ಆ ಸೊಟ್ಟ ಸದ್ದು ನಿಂತುಕೊಂಡಿತು. ಕಿವಿ ಇದ್ದ ಯಾರಿಗೂ ಅದು ಪಂಚಮವೆನ್ನಿಸುವ ಹಾಗಿರಲಿಲ್ಲ. ಸಾರ್ ಮುಖ ಕೆಂಪಗಾಯಿತು. "ಪಿಯಾನೋ ಶ್ರುತಿ ತಪ್ಪಿದೆ," ಎಂದರು. "ಎಫ್ ಜಾರಿದೆ ಮೇಡಂ. ಟ್ಯೂನರ್ ಸರಿಯಾಗಿ ಕೆಲಸ ಮಾಡಿಲ್ಲ. ಮೊದಲಿಂದ್ಲೂ ಆ ಮನುಷ್ಯ ಅಷ್ಟೇ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನಮ್ಮ ಹುಡುಗಿಗೆ ಗಾದೆ ನೆನಪಾಗಲಿಲ್ಲ, ಸ್ಪ್ಯಾನರ್ ನೆನಪಾಯಿತು. ಎಫ್! ತಾನು ಸಡಿಲಿಸಿದ್ದು ಅದೇ ತಂತಿ. ಅದು ಹಾಗೇ ಉಳಿದಿದ್ದರೆ ಈ ಕ್ಷಣ ಈ ಮಾತು ನಿಜವಾಗುತ್ತಿತ್ತು. ಸೀಟಿನ ಜೊತೆಗೆ ಅಪ್ಪನ ಹೆಸರೂ ಮಣ್ಣುಪಾಲಾಗುತ್ತಿತ್ತು, ಅದೂ ಮಗಳ ಕೈಯಿಂದಲೇ.

"ನಾನು ನುಡಿಸಬಹುದಾ ಮೇಡಂ?" ಎಂದು ಕೇಳಿದಳು. ಅವರು ತಲೆಯಾಡಿಸಿದರು.

ಅವಳು ಸಾರ್ ಪಕ್ಕದಲ್ಲೇ ನಿಂತು ಇ ಮತ್ತು ಬಿ ಒತ್ತಿದಳು. ಬೆಣ್ಣೆಯಂತೆ ಕೂತವು. "ಅಂದ್ರೆ ಬಿ ಸರಿಯಾಗಿದೆ." ಎಫ್ ಮತ್ತು ಮೇಲಿನ ಸಿ ಒತ್ತಿದಳು. ಅವೂ ಕೂತವು. "ಅಂದ್ರೆ ಎಫ್ ಜಾರಿಲ್ಲ. ಎರಡೂ ತಮ್ಮ ತಮ್ಮ ಜಾಗದಲ್ಲೇ ಇವೆ. ಈ ಎರಡರ ಅಂತರಾನೇ ಮೋಟು. ಜಾರಿರೋದು ಪಿಯಾನೋ ಅಲ್ಲ ಸಾರ್, ನಾಲ್ಕು ಸಲ ಅಚ್ಚಾದ ಪುಸ್ತಕ." ಪ್ರತಿ ಅಕ್ಷರವನ್ನೂ ಸವಿಯುತ್ತ ಸೇರಿಸಿದಳು: "ಸ್ಕ್ರೂ ತಿರುಗಿಸೋರು ಆರು ವರ್ಷದ ಹಿಂದೇನೇ ಇದೇ ಕೋಣೇಲಿ ನಿಮಗೆ ಹೇಳಿದ್ರು. ಅವರು ನಮ್ಮಪ್ಪ."

ಸಾರ್ ಪಿಯಾನೋದ ಮುಚ್ಚಳ ಹಾಕಿದರು. "ಅದು... ಅಚ್ಚಿನ ತಪ್ಪು ಮೇಡಂ."

"ನಾಲ್ಕು ಸಲವೂ ಅಚ್ಚಿನವನದೇ ತಪ್ಪಾ?" ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೊರಗೆ ಹೋಗಿ ಈಗಲೇ ಎಲ್ಲರಿಗೂ ಹೇಳಿ, ಒಂಬತ್ತನೇ ಪ್ರಶ್ನೆಯ ಉತ್ತರ ತಪ್ಪಿತ್ತು ಅಂತ. ನೀವೇ ಹೇಳಿ."

ಕಾರಿಡಾರಿನಲ್ಲಿ ಇನ್ನೂರು ಜನ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಕಾದಿದ್ದರು. ಬಾಗಿಲ ಪಕ್ಕದ ಅದೇ ಬೆಂಚಿನ ಮೇಲೆ ಅಪ್ಪ ಕೂತಿದ್ದ. ಇನ್ನೊಂದು ಮನೆಯ ಕೆಲಸ ಮುಗಿಸಿ ನೇರ ಬಂದದ್ದರಿಂದ ಸಾಮಾನಿನ ಚೀಲ ಕಾಲ ಬಳಿ, ಅರ್ಧ ದಾರಿಗೆ ಅಡ್ಡವಾಗಿತ್ತು. ಸಾರ್ ಹೇಳಿದರು. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. "ಜೋರಾಗಿ ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಎರಡನೇ ಸಲ ಜೋರಾಗಿ ಹೇಳಬೇಕಾಯಿತು, ಟ್ಯೂನರ್‌ಗೆ ಒಂದೇ ಮಾರು ದೂರದಲ್ಲಿ ನಿಂತು. ಆಮೇಲೆ ತಮ್ಮ ಕೋಣೆಗೆ ಹೊರಟವರು ಚೀಲದ ಮುಂದೆ ನಿಂತರು, ಬೂಟನ್ನು ಹಿಂದಕ್ಕೆಳೆದುಕೊಂಡರು, ಗೋಡೆಗೆ ಬೆನ್ನು ತಾಗಿಸಿ ಸುತ್ತಿಕೊಂಡು ಹೋದರು. ಅವಳು ಅದನ್ನು ಕಣ್ತುಂಬ ನೋಡಿದಳು. ಆರು ವರ್ಷದ ಹೊಟ್ಟೆಯುರಿಗೆ ತಣ್ಣೀರು ಹೊಯ್ದಂತಾಯಿತು.

ಸಂಜೆ ಪಟ್ಟಿ ಬಂತು. ಅದನ್ನು ಬಾಗಿಲಿಗೆ ಅಂಟಿಸುವುದು ಮುಖ್ಯಸ್ಥರದೇ ಕೆಲಸ, ಅವರೇ ಬಂದು ಅಂಟಿಸಿದರು. ಏಳನೆಯದು ಅವಳ ನಂಬರು. ಅವಳು ಬೇಕೆಂದೇ ಮುಂದೆ ಹೋಗಿ, ಅವರ ಕಣ್ಣಿಗೆ ಕಣ್ಣಿಟ್ಟು, "ಮೊದಲನೇ ಬೆಂಚಲ್ಲಿ ಕೂತ್ಕೋತೀನಿ ಸಾರ್," ಎಂದಳು. ಅವರು ಗೋಂದಿನ ಬಾಟಲಿಯ ಮುಚ್ಚಳ ಹುಡುಕುವುದರಲ್ಲಿ ಮುಳುಗಿಬಿಟ್ಟರು.

ಮನೆಗೆ ನಡೆಯುವಾಗ ಚೀಲ ಅವಳೇ ಹೊತ್ತಳು. ಒಳಗೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು, ಸಾರ್ ದನಿಯನ್ನೂ ಅಣಕಿಸಿ ತೋರಿಸಿದಳು. ಅಪ್ಪ ನಗುತ್ತ ಕೇಳಿಸಿಕೊಂಡ. ಓಣಿಯ ತಿರುವಿನಲ್ಲಿ ಮಾತ್ರ ಒಂದು ಪ್ರಶ್ನೆ ಕೇಳಿದ.

"ಎಫ್ ಜಾರಿದೆ ಅಂದ್ರಾ ಅವರು?"

ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಹೂಂ. ಆದ್ರೆ ಜಾರಿರಲಿಲ್ಲಪ್ಪಾ. ಜಾಗದಲ್ಲೇ ಇತ್ತು."

"ಇರಲೇಬೇಕಲ್ಲ," ಎಂದ ಅಪ್ಪ. "ಅದೊಂದನ್ನ ಎರಡು ಸಲ ಬಿಗಿಸಿದ್ದೆ."