ಮೊದಲ ಒಂದು ಅಡಿ

"ಸಾರ್, ಸೌದೆ ಒಡೀತಿದೀರಾ?" ಎಂದಳು ತೇಜಸ್ವಿನಿ. ಬೆಂಚಿನ ಮೇಲಿದ್ದ ಗುರುಪ್ರಕಾಶ್ ಮತ್ತು ಅವನ ಇಬ್ಬರು ಸ್ನೇಹಿತರು ಗೊಳ್ಳೆಂದು ನಕ್ಕರು. ಗಾಲ್ಫ್ ಸ್ಟಿಕ್ ಹಿಡಿದು ನಿಂತಿದ್ದ ಅವನ ಮಾವ ಸದಾಶಿವಯ್ಯನವರೂ ನಕ್ಕರು.

ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು ಅವರು. ಮನೆಯಲ್ಲಿ ಸುಮ್ಮನೆ ಕೂರಬಾರದೆಂದು ಅಳಿಯ ಭಾನುವಾರ ಬೆಳಿಗ್ಗೆ ತುಮಕೂರಿನ ಹೊರಗೆ, ಕುಣಿಗಲ್ ರಸ್ತೆಯ ಈ ಗಾಲ್ಫ್ ಮೈದಾನಕ್ಕೆ ಕರೆತರುತ್ತಿದ್ದ. ತೇಜಸ್ವಿನಿ ಇಲ್ಲಿನ ಕೋಚ್. ಮೂರು ವಾರದಿಂದ ಒಂದೇ ಪಾಠ: ಚೆಂಡಿನಿಂದ ಸ್ಟಿಕ್ ಹಿಂದಕ್ಕೆ ಸರಿಯುವ ಮೊದಲ ಒಂದು ಅಡಿ. ನೆಲಕ್ಕೆ ಹತ್ತಿರವಾಗಿ, ನಿಧಾನವಾಗಿ, ಭುಜವೂ ಕೈಯೂ ಒಟ್ಟಿಗೆ ತಿರುಗಬೇಕು. ಅಲ್ಲಿ ಅವಸರಪಟ್ಟರೆ ಮುಂದಿನದೆಲ್ಲ ಕೆಟ್ಟಂತೆ. ಮೇಷ್ಟ್ರು ಮಾತ್ರ ಹಾವು ಕಂಡವರ ಹಾಗೆ ಸರಕ್ಕನೆ ಎತ್ತಿಬಿಡುತ್ತಿದ್ದರು.

"ಮಕ್ಕಳಿಗೆ ನಿಧಾನ, ನಿಧಾನ ಅಂತ ಹೇಳ್ಕೊಟ್ಟೋರಲ್ವಾ ನೀವು? ಇನ್ನೊಂದ್ಸಲ."

ಮತ್ತೆ ನಗು. ತನ್ನ ಮಾತಿಗೆ ಜನ ನಗುವುದು ಅವಳಿಗೆ ಹಿತವೆನಿಸಿತು. ಹತ್ತು ಸಲ ಮಾಡಿಸಿದಳು. ಹತ್ತನೆಯದಕ್ಕೆ ಅವರ ಕತ್ತು ಬೆವರಿತ್ತು.

ನೀರು ಕುಡಿಯಲು ಪಕ್ಕಕ್ಕೆ ಬಂದಾಗ ಅವರ ಎಡಗೈ ಜೇಬಿನಲ್ಲೇ ಇತ್ತು. ಬಲಗೈಯಲ್ಲಿ ಬಾಟಲಿ ಚಾಚಿ, "ಮುಚ್ಚಳ ತೆಗೆದ್ಕೊಡಮ್ಮ" ಎಂದರು. ಆಮೇಲೆ ದನಿ ತಗ್ಗಿಸಿದರು.

"ನೀನ್ ಹೇಳೋದು ಮೊದಲ್ನೇ ದಿನಾನೇ ಅರ್ಥ ಆಯ್ತು. ಈ ಕೈ ನಡುಗುತ್ತೆ ಕಣಮ್ಮ. ನಿಧಾನಕ್ಕೆ ಎತ್ತಿದ್ರೆ ಸ್ಟಿಕ್ಕೂ ನಡುಗೋದು ಎಲ್ರಿಗೂ ಕಾಣುತ್ತೆ. ಜೋರಾಗ್ ಎಳೆದ್ರೆ ಕಾಣಲ್ಲ."

"ಡಾಕ್ಟ್ರಿಗೆ ತೋರ್ಸಿದ್ರಾ?"

"ಮಾತ್ರೆ ನಡೀತಿದೆ. ಮಗಳಿಗೆ ಈಗ ಏಳು ತಿಂಗಳು. ಹೆರಿಗೆ ಆಗ್ಲಿ, ಆಮೇಲ್ ಹೇಳ್ತೀನಿ. ಅಳಿಯಂದ್ರ ಹತ್ರ ಬಾಯ್ಬಿಡಬೇಡ."

ತೇಜಸ್ವಿನಿಯ ಮುಖ ಕಾದ ಹಂಚಿನಂತಾಯಿತು. ತಪ್ಪಾಯ್ತು ಅನ್ನಬೇಕೆಂದುಕೊಂಡಳು. ಮುಚ್ಚಳ ತೆಗೆದು ಬಾಟಲಿಯನ್ನು ಅವರ ಬಲಗೈಗಿಟ್ಟಳು.

"ಏನ್ ಮೇಡಂ, ನಮ್ಮಾವ ಕಲೀತಾರಾ?" ಗುರುಪ್ರಕಾಶ್ ಬೆಂಚಿನಿಂದಲೇ ಕೇಳಿದ. ಸ್ನೇಹಿತರು ಮುಂದಿನ ತಮಾಷೆಗೆ ಕಾದು ಕೂತಿದ್ದರು.

"ಅವ್ರದ್ದೇನೂ ತಪ್ಪಿಲ್ಲ ಸಾರ್. ನಾನೇ ಸರಿಯಾಗ್ ನೋಡಿರ್ಲಿಲ್ಲ."

ಯಾರೂ ನಗಲಿಲ್ಲ. ಅವಳು ಮೇಷ್ಟ್ರನ್ನು ಚೆಂಡಿನ ಮುಂದೆ ನಿಲ್ಲಿಸಿ, ಅವರ ಕೈ ಬೆಂಚಿನವರಿಗೆ ಕಾಣದಂತೆ ಅಡ್ಡ ನಿಂತಳು.

"ಈಗ ನಿಧಾನಕ್ಕೆ ಎತ್ತಿ ಸಾರ್. ನಾನಿದೀನಿ."

ಅವರ ಮುಖ ನೋಡುವ ಧೈರ್ಯವಾಗದೆ ಹುಲ್ಲನ್ನೇ ನೋಡಿದಳು. ಸ್ಟಿಕ್ಕಿನ ತುದಿ ನಡುಗುತ್ತಾ ಹಿಂದಕ್ಕೆ ಸರಿಯಿತು. ಅದು ಹಾದುಹೋದ ಕಡೆ ಇನ್ನೂ ಆರದ ಇಬ್ಬನಿ ಉದುರಿ, ಹುಲ್ಲಿನ ಮೇಲೊಂದು ಡೊಂಕು ಗೆರೆ ಮೂಡಿತು.